ಬೈಕಿನ ಹಿಂಭಾಗ ಸಪೂರವಾಗಬೇಕು, ಆದರೆ ಎಲ್ಲಿಯವರೆಗೆ ಕತ್ತರಿಸುವುದು?

ಪ್ರಶ್ನೆ: ನನ್ನದು 2012ರ ಸ್ಪ್ಲೆಂಡರ್. ಹಿಂದಿನ ಉದ್ದ ಬಾಲ, ದಪ್ಪ ಸೀಟು, ಪ್ಲಾಸ್ಟಿಕ್ ಎಲ್ಲ ತೆಗೆಸಿ ಕೆಫೆ ರೇಸರ್ ಥರ ಸಪೂರ ಮಾಡಿಸುವ ಆಸೆ. ಫ್ರೇಮಿನ ಹಿಂಭಾಗ ಕತ್ತರಿಸಿ ಬಗ್ಗಿಸಿದ ಪೈಪ್ ವೆಲ್ಡ್ ಮಾಡಿದರಾಯಿತು, ಒಂದು ದಿನದ ಕೆಲಸ ಎನ್ನುತ್ತಾರೆ ಗ್ಯಾರೇಜಿನವರು. ವಾರಕ್ಕೊಮ್ಮೆ ಹೆಂಡತಿಯನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗುವುದುಂಟು. ಎಷ್ಟು ಕತ್ತರಿಸಬಹುದು? ಯಾವ ಪೈಪ್ ಹಾಕಬೇಕು? ಆರ್‌ಟಿಒದವರ ತಕರಾರು ಬರುತ್ತದಾ?
— ಕಾಪುವಿನ ಓದುಗರು

ಉತ್ತರ: ಇಬ್ಬರು ಕೂತು ಹೈವೇಯಲ್ಲಿ ಓಡುವ ಬೈಕಿನ ಫ್ರೇಮಿಗೆ ಗ್ರೈಂಡರ್ ಮುಟ್ಟಿಸಬೇಡಿ. ನಿಮಗೆ ಬೇಕಾದ ಆಕಾರದ ಬಹುಪಾಲು ಕತ್ತರಿಸದೆಯೇ ಬರುತ್ತದೆ. ಬೈಕು ಸಪೂರವಾಗಿ ಕಾಣುವುದು ಫ್ರೇಮಿನ ಪೈಪು ಗಿಡ್ಡವಾದದ್ದರಿಂದ ಅಲ್ಲ, ಸೀಟಿನ ಕೆಳಗೆರೆ ಟ್ಯಾಂಕಿನ ಕೆಳಗೆರೆಗೆ ಕೂಡಿಕೊಂಡು ಒಂದೇ ಸಾಲಾಗಿ ಹಿಂದಕ್ಕೆ ಹೋಗುವುದರಿಂದ. ಫ್ರೇಮು ಕತ್ತರಿಸಿ ಹೂಪ್ (ಹಿಂತುದಿಗೆ ಕೂರುವ, ಯು ಆಕಾರಕ್ಕೆ ಬಗ್ಗಿಸಿದ ಪೈಪು) ಹಾಕಿಸಿಯೂ ಕೆಟ್ಟದಾಗಿ ಕಾಣುವ ಬೈಕುಗಳು ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವುಗಳ ದೋಷ ಈ ಗೆರೆಯದ್ದೇ. ಹಾಗಾಗಿ ಮೊದಲು ಕತ್ತರಿಸದ ದಾರಿ ಹೇಳುತ್ತೇನೆ. ರಸ್ತೆಗಿಳಿಸದ ಪ್ರಾಜೆಕ್ಟ್ ಬೈಕಿಗೆ ಕತ್ತರಿಸುವವರೂ ಇರುತ್ತಾರೆ, ಅದರ ಕ್ರಮವನ್ನು ಆಮೇಲೆ ಬಿಡಿಸುತ್ತೇನೆ.

ಅದಕ್ಕೂ ಮೊದಲು, ಆ ಪೈಪುಗಳು ಅಲ್ಲಿ ಏನು ಮಾಡುತ್ತಿವೆ ಎಂದು ನೋಡಬೇಕು. ಎರಡು ಶಾಕಿನ ಬೈಕಿನಲ್ಲಿ ಸೀಟಿನ ಕೆಳಗೆ ಎರಡು ಉದ್ದ ರೈಲುಗಳು ಹಿಂದಕ್ಕೆ ಹೋಗುತ್ತವೆ. ಶಾಕ್ ಅಬ್ಸಾರ್ಬರ್‌ನ ಮೇಲಿನ ಬೋಲ್ಟ್ ಕೂರುವುದು ಇವುಗಳ ಮೇಲೆಯೇ. ಆ ಬೋಲ್ಟಿನವರೆಗಿನದ್ದು ಫ್ರೇಮು. ಹಿಂದಿನ ಚಕ್ರದ ಏಟೆಲ್ಲ ಅಲ್ಲಿಗೆ ಬಂದು, ಅಡ್ಡಪೈಪು ಮತ್ತು ಓರೆಪೈಪುಗಳ ಮೂಲಕ ಮುಂದಕ್ಕೆ ಹರಿಯುತ್ತದೆ. ಬೋಲ್ಟಿನ ಹಿಂದೆ ಚಾಚಿಕೊಂಡದ್ದು ಸೀಟಿನ ಬಾಲ, ಮಡ್‌ಗಾರ್ಡು, ಟೈಲ್ ಲೈಟು, ಗ್ರಾಬ್ ರೈಲ್ ಮತ್ತು ಹಿಂದೆ ಕೂತವರ ಭಾರದ ಒಂದು ಪಾಲನ್ನು ಹೊರುತ್ತದೆ. ಒಂದು ತುದಿ ಮಾತ್ರ ಆಧಾರಕ್ಕಿದ್ದು ಇನ್ನೊಂದು ತುದಿ ಗಾಳಿಯಲ್ಲಿರುವ ತೊಲೆ ಅದು. ಗ್ಯಾರೇಜಿನವರು ‘ಅಲ್ಲಿ ಏನೂ ಇಲ್ಲ ಮಾರಾಯ್ರೆ, ಬರೇ ಸೀಟು’ ಎನ್ನುವುದು ಈ ಭಾಗದ ಬಗ್ಗೆಯೇ.

ಏನೂ ಇಲ್ಲವೇ ಎಂದು ಲೆಕ್ಕ ಹಾಕಿ ನೋಡೋಣ. ಹಿಂದೆ ಕೂತವರು 70 ಕೆಜಿ, ಅವರ ಭಾರ ಶಾಕಿನ ಬೋಲ್ಟಿನಿಂದ 150 ಮಿ.ಮೀ. ಹಿಂದೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ನಿಂತ ಬೈಕಿನಲ್ಲಿ ಬಾಗುಬಲ ಸುಮಾರು 103 ನ್ಯೂಟನ್ ಮೀಟರ್. ಹೊಂಡಕ್ಕೆ ಬಿದ್ದಾಗ ಭಾರ ಮೂರು ಪಟ್ಟಾದರೆ 309, ಅಂದರೆ ಒಂದೊಂದು ರೈಲಿಗೆ ಸುಮಾರು 155. ಹೊರವ್ಯಾಸ 22, ಗೋಡೆ ದಪ್ಪ 2 ಮಿ.ಮೀ. ಇರುವ ಬರೀ ಪೈಪೊಂದೇ ಇದನ್ನು ಹೊತ್ತರೆ ಅದರೊಳಗಿನ ಒತ್ತಡ 268 ಮೆಗಾಪ್ಯಾಸ್ಕಲ್. ಸಾಧಾರಣ ಮೈಲ್ಡ್ ಸ್ಟೀಲ್ ಪೈಪು 240ರ ಆಸುಪಾಸಿನಲ್ಲೇ ಶಾಶ್ವತವಾಗಿ ಬಾಗತೊಡಗುತ್ತದೆ. ಅದೇ ಪೈಪು ಒಳಗಿನಿಂದ ತುಕ್ಕು ಹಿಡಿದು 1.6 ಮಿ.ಮೀ.ಗೆ ಇಳಿದರೆ ಒತ್ತಡ 317. ಹೊರವ್ಯಾಸ 25.4, ಗೋಡೆ 2 ಮಿ.ಮೀ. ಆದರೆ 194ಕ್ಕೆ ಇಳಿಯುತ್ತದೆ. ಕಂಪನಿಯ ಫ್ರೇಮು ಮುರಿಯದಿರುವುದು ಅದರ ಪೈಪು ಭಾರೀ ದಪ್ಪ ಎಂದಲ್ಲ. ಕೆಳಗಿನಿಂದ ಓರೆಪೈಪೋ ಒತ್ತಿದ ತಗಡಿನ ಬ್ರಾಕೆಟ್ಟೋ ಬಂದು ರೈಲಿಗೆ ಆಸರೆ ಕೊಟ್ಟಿರುತ್ತದೆ. ಹೂಪ್ ಹಾಕುವಾಗ ಮೊದಲು ಕತ್ತರಿಸಿ ಎಸೆಯುವುದು ಆ ಆಸರೆಯನ್ನೇ. ತುದಿ ಮೇಲಕ್ಕೆ ಬಾಗಿದ ಹೂಪು ನೋಡಲು ಗಟ್ಟಿಮುಟ್ಟು ಕಾಣುತ್ತದೆ, ಆದರೆ ಬೋಲ್ಟಿನ ಹತ್ತಿರದ ಬಾಗುಬಲವನ್ನು ಅದು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿನ್ಯಾಸಕ್ಕೆ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4)ರಲ್ಲಿ ಮಾಲೀಕರಿಗೆ ಆರು ತಿಂಗಳವರೆಗಿನ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಉಂಟು. ಕೇಂದ್ರ ಮೋಟಾರು ವಾಹನ ನಿಯಮ 123 ಹಿಂದೆ ಕೂರುವವರಿಗೆ ಕಾಯಂ ಹಿಡಿಕೆ, ಫುಟ್‌ರೆಸ್ಟ್ ಮತ್ತು ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ರಕ್ಷಣೆ, ಅಂದರೆ ನಾವು ಸಾರಿ ಗಾರ್ಡ್ ಎನ್ನುವುದನ್ನು, ಕೇಳುತ್ತದೆ. ಕೆಫೆ ರೇಸರ್ ಮಾಡುವಾಗ ಮೊದಲು ಮಾಯವಾಗುವುದು ಈ ಮೂರೇ. ನಿಮ್ಮ ವಿಷಯದಲ್ಲಿ ಇನ್ನೊಂದು ಮಾತುಂಟು. 2012ರ ಬೈಕಿನ ನೋಂದಣಿಯ 15 ವರ್ಷ 2027ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಬೈಕನ್ನು ಆರ್‌ಟಿಒ ಎದುರು ನಿಲ್ಲಿಸಲೇಬೇಕು. ಬೋಲ್ಟ್ ಬಿಚ್ಚಿದರೆ ಹಳೆಯ ರೂಪಕ್ಕೆ ಮರಳುವ ಬೈಕಿಗೆ ಅಲ್ಲಿ ತೊಂದರೆಯಿಲ್ಲ, ಕತ್ತರಿಸಿದ ಬೈಕಿಗೆ ಮರಳುವ ದಾರಿಯೇ ಇಲ್ಲ. ತಿಳಿಸದೆ ಮಾಡಿದ ಮಾರ್ಪಾಡು ಇನ್ಶೂರೆನ್ಸ್ ಕ್ಲೇಮಿನಲ್ಲೂ ಅಡ್ಡ ಬರುತ್ತದೆ. ಬೋಲ್ಟ್ ಮಾಡಿದ ಬದಲಾವಣೆಯೆಲ್ಲ ಕಾನೂನಿಗೆ ಒಪ್ಪಿಗೆ ಎಂದಲ್ಲ. ಹಿಡಿಕೆ, ಗಾರ್ಡು, ದೀಪ, ಪ್ಲೇಟು ಸರಿಯಾಗಿ ಇಟ್ಟುಕೊಂಡರೆ ತಕರಾರಿಗೆ ಆಸ್ಪದ ಕಡಿಮೆ, ಅಷ್ಟೇ.

ಕತ್ತರಿಸದ ದಾರಿ

ಸೀಟು, ಪಕ್ಕದ ಕವರು, ಹಿಂದಿನ ಕೌಲು, ಗ್ರಾಬ್ ರೈಲು, ಮಡ್‌ಗಾರ್ಡು ಎಲ್ಲ ಬಿಚ್ಚಿ, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಲಕೋಟೆಯಲ್ಲಿ ಹೆಸರು ಬರೆದಿಡಿ. ಬೈಕನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಐದಾರು ಮೀಟರ್ ದೂರದಿಂದ ಮೊಬೈಲನ್ನು ಸೀಟಿನ ಎತ್ತರಕ್ಕೆ ಹಿಡಿದು ಝೂಮ್ ಮಾಡಿ ಪಕ್ಕದ ಫೋಟೋ ತೆಗೆಯಿರಿ. ಹತ್ತಿರದಿಂದ ತೆಗೆದರೆ ಗೆರೆಗಳು ಬಾಗಿ ಲೆಕ್ಕ ತಪ್ಪುತ್ತದೆ. ಟ್ಯಾಂಕಿನ ಕೆಳ ಅಂಚಿನಿಂದ ಹಿಂದಕ್ಕೆ ಒಂದು ನೂಲು ಕಟ್ಟಿ. ಹೊಸ ಸೀಟಿನ ಕೆಳ ಅಂಚು ಆ ನೂಲಿನ ಮೇಲೇ ಬರಬೇಕು, ಹಿಂದಕ್ಕೆ ಹೋದಂತೆ ಹೆಚ್ಚೆಂದರೆ 20ರಿಂದ 30 ಮಿ.ಮೀ. ಏರಬಹುದು. ಕೆಳಕ್ಕೆ ಮಾತ್ರ ಇಳಿಯಬಾರದು. ಕಂಪನಿಯ ರೈಲು ನೂಲಿಗಿಂತ ಕೆಳಗಿದ್ದರೆ ಕತ್ತರಿಸುವ ಅಗತ್ಯವಿಲ್ಲ, ಸೀಟಿನ ತಳವನ್ನೇ ರೈಲಿನ ಪಕ್ಕಕ್ಕೆ 25 ಮಿ.ಮೀ. ಇಳಿಬಿಟ್ಟು ಮುಚ್ಚಬಹುದು.

ಸೀಟಿನ ತಳಕ್ಕೆ ಗ್ಯಾರೇಜಿನವರು ಸಾಮಾನ್ಯವಾಗಿ ತಗಡು ಬಡಿದು ಕೊಡುತ್ತಾರೆ. ಕರಾವಳಿಯಲ್ಲಿ ತಗಡು ಬೇಡ. ಫೋಮಿಗೆ ನೀರು ನುಗ್ಗಿ ಒದ್ದೆ ಸ್ಪಂಜು ತಗಡಿಗೆ ಅಂಟಿ ಕೂತರೆ ಎರಡು ಮಳೆಗಾಲದಲ್ಲಿ ತೂತು ಬೀಳುತ್ತದೆ. ಫೈಬರ್ ಗ್ಲಾಸ್ ಒಳ್ಳೆಯದು, ನಿಮಗೆ ಅದು ಹತ್ತಿರವೇ. ಮಲ್ಪೆಯಲ್ಲಿ ಫೈಬರ್ ದೋಣಿಯ ಕೆಲಸ ಮಾಡುವವರ ಬಳಿ ಮ್ಯಾಟು, ರಾಳ, ಕೈಗುಣ ಮೂರೂ ಸಿಗುತ್ತದೆ. 450 ಜಿಎಸ್‌ಎಂ ಚಾಪ್ಡ್ ಸ್ಟ್ರಾಂಡ್ ಮ್ಯಾಟ್ ಮೂರು ಪದರ ಹಾಕಿದರೆ ಸುಮಾರು 3 ಮಿ.ಮೀ. ದಪ್ಪ ಬರುತ್ತದೆ. 600 ಮಿ.ಮೀ. ಉದ್ದ, 230 ಅಗಲದ ತಳಕ್ಕೆ ಮ್ಯಾಟು 200 ಗ್ರಾಂ ಒಳಗೆ, ಪಾಲಿಯೆಸ್ಟರ್ ರಾಳ ಅರ್ಧ ಕೆಜಿ ಸಾಕು. ಶಾಕಿನ ಬೋಲ್ಟ್ ಇರುವ ಜಾಗ ಮತ್ತು ಸೀಟಿನ ಕೊಕ್ಕೆ ಬರುವ ಕಡೆ ಇನ್ನೆರಡು ಪದರ ಹೆಚ್ಚು ಹಾಕಿ. ರೈಲುಗಳ ಮೇಲೆ ಮಾಸ್ಕಿಂಗ್ ಟೇಪು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಣ ಸವರಿ, ಅದರ ಮೇಲೇ ಮ್ಯಾಟು ಹಾಸಿದರೆ ತಳ ಫ್ರೇಮಿನ ಅಚ್ಚಿಗೆ ಸರಿಯಾಗಿ ಕೂರುತ್ತದೆ.

ಹಾರ್ಡ್‌ನರನ್ನು ರಾಳದ ತೂಕದ ಶೇ 1ರಿಂದ 2ರಷ್ಟು ಹಾಕುವುದು ವಾಡಿಕೆ. ನಮ್ಮ ಸೆಖೆಗೆ ಶೇ 1 ಸಾಕು, ಅರ್ಧ ಕೆಜಿಗೆ 5 ಮಿ.ಲೀ. ಎರಡಕ್ಕೆ ಹೋದರೆ ಬ್ರಶ್ಶು ಡಬ್ಬಿಯಲ್ಲೇ ನಿಂತುಬಿಡುತ್ತದೆ. ಒಂದೇ ಸಲ ಪೂರ್ತಿ ಕಲಸದೆ ಪದರಕ್ಕೆ ಬೇಕಾದಷ್ಟೇ ಕಲಸಿ. ಇನ್ನೊಂದು ಎಚ್ಚರ: ಹಾರ್ಡ್‌ನರನ್ನು ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್ ಜತೆ ನೇರವಾಗಿ ಬೆರೆಸಿದರೆ ಬೆಂಕಿ ಹತ್ತಿ ಸಿಡಿಯುತ್ತದೆ. ಆಕ್ಸಿಲರೇಟರ್ ಮೊದಲೇ ರಾಳದಲ್ಲಿ ಕಲೆತಿರಬೇಕು. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಸಂಚಕಾರ, ಹಾಗಾಗಿ ಕನ್ನಡಕವಿಲ್ಲದೆ ಬಾಟಲಿ ತೆರೆಯಬೇಡಿ.

ಇಬ್ಬರಿಗೆ ಸೀಟು 580ರಿಂದ 600 ಮಿ.ಮೀ.ಗಿಂತ ಗಿಡ್ಡವಾದರೆ ಹಿಂದಿನವರು ಬಾಲದ ಉಬ್ಬಿನ ಮೇಲೇ ಕೂರಬೇಕಾಗುತ್ತದೆ, ಕಾಪುವಿನಿಂದ ಮಂಗಳೂರಿಗೆ ಬರುವಷ್ಟರಲ್ಲಿ ಮನೆಯಲ್ಲಿ ಮಾತು ನಿಲ್ಲುತ್ತದೆ. ಫೋಮು ಕೆಳಗೆ 10 ಮಿ.ಮೀ. ಗಟ್ಟಿ ಇವಿಎ, ಮೇಲೆ 40 ಮಿ.ಮೀ. ಹೈ ಡೆನ್ಸಿಟಿ. ಸೋಫಾದ ಮೆತ್ತನೆ ಫೋಮು ಹಾಕಿದರೆ ಮೂರು ತಿಂಗಳಲ್ಲಿ ತಳ ತಾಗುತ್ತದೆ. ಕುಶನ್ ಅಂಗಡಿಯವರಿಗೆ ಹೊಲಿಗೆಯನ್ನು ಸೀಟಿನ ಮೇಲ್ಮೈಯಲ್ಲಿ ಹಾಕಬೇಡಿ, ಪಕ್ಕಕ್ಕೆ ತನ್ನಿ ಎಂದು ಬರೆದೇ ಕೊಡಿ. ಡೈಮಂಡ್ ಹೊಲಿಗೆ ಚಂದ ನಿಜ, ಆದರೆ ಸೂಜಿಯ ಒಂದೊಂದು ತೂತೂ ಜೂನಿನಿಂದ ಸೆಪ್ಟೆಂಬರ್‌ವರೆಗೆ ನೀರಿನ ದಾರಿ. ಹಟವಿದ್ದರೆ ಕವರಿನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ತಳಕ್ಕೆ 6 ಮಿ.ಮೀ.ನ ಎರಡು ತೂತು ಬಿಡಿ.

ಹೂಪಿನ ನೋಟ ಬೇಕೇ ಬೇಕಾದರೆ ಬೋಲ್ಟ್ ಹೂಪ್ ಮಾಡಿಸಿ. 19 ಮಿ.ಮೀ. ವ್ಯಾಸ, 1.6 ದಪ್ಪದ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಎರಡು ತುದಿಗೂ 5 ಮಿ.ಮೀ. ಪಟ್ಟಿ ಬೆಸೆದು, ಗ್ರಾಬ್ ರೈಲ್ ಕೂರುತ್ತಿದ್ದ ತೂತುಗಳಿಗೆ ಎಂ8, 8.8 ಗ್ರೇಡಿನ ಬೋಲ್ಟ್ ಹಾಕುವುದು. ಬಿಗಿ 22ರಿಂದ 25 ನ್ಯೂಟನ್ ಮೀಟರ್, ಜತೆಗೆ ನೈಲಾಕ್ ನಟ್. ಸೀಟಿನ ಭಾರ ಕಂಪನಿಯ ರೈಲಿನ ಮೇಲೆಯೇ ಇರಬೇಕು, ಈ ಹೂಪು ಬರೇ ಅಂಚು. ಬೋಲ್ಟ್ ಪೈಪನ್ನೇ ತೂರಿ ಹೋಗುವುದಾದರೆ ಒಳಗೆ ತೋಳು, ಅಂದರೆ ಬೋಲ್ಟ್ ತೂರುವಷ್ಟು ಸಣ್ಣ ಕೊಳವೆ, ಬೆಸೆಯದೆ ಬಿಗಿಯಬೇಡಿ, ಪೈಪು ಚಪ್ಪಟೆಯಾಗಿ ಬೋಲ್ಟ್ ಸಡಿಲವಾಗುತ್ತಲೇ ಇರುತ್ತದೆ. ಕಾಯಂ ಹಿಡಿಕೆ ಇರಲೇಬೇಕಾದ್ದರಿಂದ ಹೂಪಿನ ಹಿಂಭಾಗಕ್ಕೂ ಸೀಟಿಗೂ ನಡುವೆ ಬೆರಳು ಹೋಗುವಷ್ಟು, 35ರಿಂದ 40 ಮಿ.ಮೀ. ಜಾಗ ಬಿಟ್ಟರೆ ಅಂದವೂ ಉಳಿಯುತ್ತದೆ, ಹಿಡಿಯಲೂ ಬರುತ್ತದೆ. ಅವರು ಹಿಡಿದು ಎಳೆಯುವ ಬಲ ಬೋಲ್ಟಿಗೆ ಬರುವುದರಿಂದ ಒಂದೊಂದು ಕಡೆಗೂ ಎರಡೆರಡು ಬೋಲ್ಟ್ ಬೇಕು.

ಕತ್ತರಿಸಬಹುದಾದದ್ದು ಮಡ್‌ಗಾರ್ಡು, ಅದೂ ನಿಮ್ಮದಲ್ಲ. ಹಳೆಯದೊಂದನ್ನು ಗುಜರಿಯಿಂದ ತಂದು ಅದನ್ನು ಕತ್ತರಿಸಿ, ಮೂಲದ್ದನ್ನು ಅಟ್ಟಕ್ಕೇರಿಸಿ. ಗಿಡ್ಡ ಮಾಡುವಾಗ ನಮ್ಮ ಮಳೆಯನ್ನು ಮರೆಯಬೇಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಲ್ಲಿ ಚಕ್ರ ಎರಚುವ ಕೆಂಪು ಕೆಸರು ಸವಾರರ ಬೆನ್ನಿಗಷ್ಟೇ ಅಲ್ಲ, ಏರ್ ಫಿಲ್ಟರ್ ಡಬ್ಬಿಯ ಹಿಂಬದಿಗೆ, ಬ್ಯಾಟರಿಗೆ, ಶಾಕಿನ ಕಂಬಿಗೆ ಬಡಿಯುತ್ತದೆ. ಹಾಗಾಗಿ ಹೊರಗೆ ಗಿಡ್ಡ ಮಾಡಿದಷ್ಟು ಒಳಗೆ ಮುಚ್ಚಬೇಕು. ಸ್ವಿಂಗ್‌ಆರ್ಮಿಗೆ (ಹಿಂದಿನ ಚಕ್ರವನ್ನು ಹಿಡಿದ ತೋಳಿಗೆ) ಬಿಗಿದ ಹಗ್ಗರ್, ಅಂದರೆ ಚಕ್ರಕ್ಕೆ ಹತ್ತಿರ ಕೂರುವ ಸಣ್ಣ ಮಡ್‌ಗಾರ್ಡು, ಅಥವಾ ಏರ್ ಡಬ್ಬಿಯ ಹಿಂದೆ 3 ಮಿ.ಮೀ. ರಬ್ಬರ್ ಹಾಳೆ. ಸೀಟಿನ ಕೆಳಗೆ ಖಾಲಿ ಕಾಣಲಿ ಎಂದು ಏರ್ ಡಬ್ಬಿಯನ್ನೇ ತೆಗೆದು ಕಾರ್ಬ್ಯುರೇಟರಿಗೆ ನೇರ ಸಿಕ್ಕಿಸುವ ತೆರೆದ ಪಾಡ್ ಫಿಲ್ಟರ್ ಹಾಕುವ ಚಾಳಿ ಬಿಟ್ಟುಬಿಡಿ. ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು) ಬದಲಿಸದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ, ಜೆಟ್ ಬದಲಿಸಿದರೂ ಮಳೆಯಲ್ಲಿ ನೀರು ಎಳೆಯುವುದು ತಪ್ಪುವುದಿಲ್ಲ.

ಹಿಂಭಾಗ ಎತ್ತರ ಕಾಣಲಿ ಎಂದು ಉದ್ದ ಶಾಕ್ ಹಾಕುವುದುಂಟು. 20 ಮಿ.ಮೀ. ಉದ್ದವಾದರೆ, 1,230 ಮಿ.ಮೀ. ಆಸುಪಾಸಿನ ಚಕ್ರಾಂತರದಲ್ಲಿ ಫೋರ್ಕಿನ ಓರೆ ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ. ಹ್ಯಾಂಡಲ್ ಹಗುರವಾಗಿ ಹೈವೇಯಲ್ಲಿ ನಡುಗಬಹುದು, ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಬೈಕು ಅತಿಯಾಗಿ ವಾಲುತ್ತದೆ. 10ರಿಂದ 15ಕ್ಕೆ ನಿಲ್ಲಿಸಿ, ಚೈನು ಸ್ವಿಂಗ್‌ಆರ್ಮಿಗೆ ಉಜ್ಜುತ್ತದೆಯೇ ಎಂದು ನೋಡಿ.

ಕತ್ತರಿಸುವುದೇ ಆದರೆ

ಇದು ರಸ್ತೆಗೆ ಬರದ, ಪ್ರದರ್ಶನದ ಅಥವಾ ಖಾಸಗಿ ಜಾಗದಲ್ಲಿ ಓಡಿಸುವ ಒಂಟಿ ಸೀಟಿನ ಬೈಕಿನ ಮಾತು.

ಮೊದಲ ಅಳತೆ ಚಕ್ರದ್ದು. ಶಾಕ್ ಪೂರ್ತಿ ಕುಸಿದಾಗ ಟಯರು ಎಲ್ಲಿಗೆ ಬರುತ್ತದೆ ಎಂದು ತಿಳಿಯದೆ ಹೂಪಿನ ಎತ್ತರ ತೀರ್ಮಾನಿಸಿದರೆ ಮೊದಲ ಹಂಪಿನಲ್ಲೇ ಟಯರು ಟೈಲ್ ಲೈಟಿನ ವೈರನ್ನು ತಿನ್ನುತ್ತದೆ. ಎರಡೂ ಶಾಕ್ ಬಿಚ್ಚಿ, ಮೇಲಿನ ಕೆಳಗಿನ ಕಣ್ಣುಗಳ ನಡುವಿನ ಉದ್ದ ಅಳೆಯಿರಿ. ಕಂಬಿ ಎಷ್ಟು ಒಳಹೋಗಬಲ್ಲದೋ ಅದನ್ನು ಕಳೆಯಿರಿ. ಉದಾಹರಣೆಗೆ ಉದ್ದ 330, ಕಂಬಿಯ ಓಟ 75 ಆದರೆ 255. ರಬ್ಬರ್ ಬಂಪ್ ಸ್ಟಾಪ್ ಅಮುಕುವುದಕ್ಕೆ ಇನ್ನೊಂದು 8 ಮಿ.ಮೀ. ಕಳೆದು, ಅಷ್ಟು ಅಂತರದಲ್ಲಿ ಎರಡು ತೂತಿರುವ ಎರಡು ಕಬ್ಬಿಣದ ಪಟ್ಟಿ ಮಾಡಿ ಶಾಕಿನ ಜಾಗದಲ್ಲಿ ಬಿಗಿಯಿರಿ. ಈಗ ಚಕ್ರ ಇರುವುದೇ ಅತಿ ಮೇಲಿನ ಸ್ಥಾನ. ಟಯರಿನಿಂದ ಹೂಪು, ವೈರಿನ ತಟ್ಟೆ, ನಂಬರ್ ಪ್ಲೇಟು ಎಲ್ಲಕ್ಕೂ 25 ಮಿ.ಮೀ. ಅಂತರ ಇರಲೇಬೇಕು. ಪಟ್ಟಿ ಬಿಗಿದಿಟ್ಟೇ ಮುಂದಿನ ಕೆಲಸ ಮಾಡಿದರೆ ಲೆಕ್ಕ ತಪ್ಪುವುದಿಲ್ಲ.

ಕತ್ತರಿಸುವ ಗೆರೆ ಶಾಕಿನ ಬೋಲ್ಟಿನ ಕೇಂದ್ರದಿಂದ ಹಿಂದಕ್ಕೆ ಕನಿಷ್ಠ 60 ಮಿ.ಮೀ. ದೂರದಲ್ಲಿರಲಿ. ಕಂಪನಿಯ ವೆಲ್ಡ್ ಮತ್ತು ಹೊಸ ವೆಲ್ಡ್ ಒಂದಕ್ಕೊಂದು ಒತ್ತೊತ್ತಾಗಿ ಬಂದರೆ ನಡುವಿನ ಲೋಹ ಎರಡು ಸಲ ಬೆಂದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬೋಲ್ಟಿನ ಬಳಿ ಎರಡು ರೈಲನ್ನು ಕೂಡಿಸುವ ಅಡ್ಡಪೈಪನ್ನೂ ಕೆಳಗಿನ ಓರೆಪೈಪನ್ನೂ ಮುಟ್ಟುವಂತಿಲ್ಲ. ಅವು ಗೆರೆಯ ಹಿಂದೆ ಹೋಗುತ್ತಿದ್ದರೆ ಗೆರೆಯೇ ಹಿಂದಕ್ಕೆ ಸರಿಯಬೇಕು.

ಪೈಪಿನ ಅಳತೆಯನ್ನು ಯಾರ ಮಾತಿನ ಮೇಲೂ ತೆಗೆದುಕೊಳ್ಳಬೇಡಿ. ಬಣ್ಣ ಕೆರೆದು ವರ್ನಿಯರ್‌ನಲ್ಲಿ ಹೊರವ್ಯಾಸ, ಕತ್ತರಿಸಿದ ಮೇಲೆ ಗೋಡೆ ದಪ್ಪ ಅಳೆದು, ಅದಕ್ಕೆ ಸಮ ಅಥವಾ ಒಂದು ಹಂತ ದಪ್ಪದ ಇಆರ್‌ಡಬ್ಲ್ಯೂ (ತಗಡು ಸುತ್ತಿ ಉದ್ದಕ್ಕೆ ಬೆಸೆದ) ಇಲ್ಲವೇ ಸಿಡಿಡಬ್ಲ್ಯೂ (ಹಾಗೆ ಬೆಸೆದು ಮತ್ತೆ ತಣ್ಣಗೆ ಎಳೆದ) ಪೈಪು ಕೇಳಿ. ವಾಹನಕ್ಕೆಂದೇ ಬರುವ ಪೈಪಿನ ಭಾರತೀಯ ಮಾನಕ ಐಎಸ್ 3074. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಸತು ಲೇಪಿಸಿದ ನೀರಿನ ಜಿಐ ಪೈಪು. ‘ತುಕ್ಕು ಹಿಡಿಯುವುದಿಲ್ಲ’ ಎಂದು ಅದನ್ನೇ ಕೊಡುತ್ತಾರೆ. ವೆಲ್ಡಿನ ಶಾಖಕ್ಕೆ ಅದರ ಸತು ಆವಿಯಾಗಿ ವೆಲ್ಡಿನೊಳಗೆ ಗುಳ್ಳೆ ಬಿಡುತ್ತದೆ, ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ, ತುಕ್ಕು ತಡೆಯುವ ಪದರ ಬೇಕಾದ ಜಾಗದಲ್ಲೇ ಸುಟ್ಟುಹೋಗುತ್ತದೆ. ಸ್ಟೇನ್‌ಲೆಸ್ ಹೂಪನ್ನು ಮೈಲ್ಡ್ ಸ್ಟೀಲಿಗೆ ಬೆಸೆಯುವುದೂ ಬೇಡ. ಉಪ್ಪುಗಾಳಿಯಲ್ಲಿ ಎರಡು ಲೋಹ ಕೂಡಿದ ಕಡೆ ಮೈಲ್ಡ್ ಸ್ಟೀಲ್ ಕರಗುತ್ತಾ ಹೋಗುತ್ತದೆ.

ಇನ್ನು ಈ ಕೆಲಸದ ಜೀವಾಳ, ಒಳತೋಳು, ಅಂದರೆ ಹಳೆ ಹೊಸ ಪೈಪುಗಳೆರಡರ ಒಳಗೂ ಹೋಗಿ ಕೂರುವ ಕೊಳವೆ. ಪೈಪಿಗೆ ಪೈಪು ಮುಟ್ಟಿಸಿ ಸುತ್ತ ವೆಲ್ಡ್ ಹೊಡೆದು ಗ್ರೈಂಡ್ ಮಾಡಿದ್ದು ಹೊಸದರಲ್ಲಿ ಗೆರೆಯೂ ಕಾಣದಷ್ಟು ನುಣುಪು. ಆದರೆ ಗ್ರೈಂಡರ್ ತೆಗೆದದ್ದು ವೆಲ್ಡಿನ ಬಲವನ್ನೇ. 22 ಹೊರವ್ಯಾಸ, 2 ದಪ್ಪದ ಪೈಪಿನ ಒಳವ್ಯಾಸ 18. ಲೇತಿನಲ್ಲಿ 17.8ಕ್ಕೆ ತಿರುಗಿಸಿದ, 3 ಮಿ.ಮೀ. ಗೋಡೆಯ, 100 ಮಿ.ಮೀ. ಉದ್ದದ ತೋಳು ಬೇಕು, ಆ ಕಡೆ 50, ಈ ಕಡೆ 50. ಇಆರ್‌ಡಬ್ಲ್ಯೂ ಪೈಪಿನೊಳಗೆ ಉದ್ದಕ್ಕೂ ಸೀಮಿನ ಉಬ್ಬು ಇರುತ್ತದೆ. ಬೆರಳು ಹಾಕಿದರೆ ಗೊತ್ತಾಗುತ್ತದೆ. ಅದನ್ನು ಗುಂಡು ಅರದಿಂದ ಉಜ್ಜಿ ತೆಗೆಯದೆ ತೋಳು ಹೋಗುವುದಿಲ್ಲ. ಹೋಗಲಿ ಎಂದು ತೋಳನ್ನೇ ಸಣ್ಣ ಮಾಡಿದರೆ ಅದು ಒಳಗೆ ಗಡಗಡ ಅಲುಗುತ್ತದೆ, ಹಾಕಿಯೂ ಹಾಕದಂತೆ. ಪೈಪಿನ ತುದಿಯಿಂದ 20 ಮತ್ತು 38 ಮಿ.ಮೀ. ದೂರದಲ್ಲಿ, ಒಂದು ಪಕ್ಕಕ್ಕೆ, ಒಂದು ಕೆಳಗೆ, 8 ಮಿ.ಮೀ. ತೂತು ಕೊರೆದು, ತೋಳು ಕೂರಿಸಿದ ಮೇಲೆ ಆ ತೂತುಗಳನ್ನು ವೆಲ್ಡಿನಿಂದ ತುಂಬಬೇಕು. ಪೈಪಿನ ಮುಖಗಳನ್ನು 45 ಡಿಗ್ರಿ ಓರೆಗೆ ಕತ್ತರಿಸಿದರೆ ಬೆಸುಗೆಯ ಗೆರೆ ಉದ್ದವಾಗುತ್ತದೆ, ಇಡೀ ಸುತ್ತು ಒಂದೇ ಅಡ್ಡಗೆರೆಯಲ್ಲಿ ಬರುವುದೂ ತಪ್ಪುತ್ತದೆ. ಅಂಚು ಚೂಪು ಮಾಡಿ 1.5 ಮಿ.ಮೀ. ಸಂದು ಬಿಡಿ, ವೆಲ್ಡು ತೋಳಿನವರೆಗೂ ಇಳಿಯಲಿ.

ವೆಲ್ಡ್ ಮಾಡುವ ಮುಂಚೆ ಟ್ಯಾಂಕು ಬೇರೆ ಕೋಣೆಗೆ, ಬ್ಯಾಟರಿ, ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ), ರೆಗ್ಯುಲೇಟರ್ ಬಿಚ್ಚಿ ಪಕ್ಕಕ್ಕೆ. ಅರ್ತ್ ಕ್ಲಿಪ್ಪನ್ನು ವೆಲ್ಡಿನ ಪಕ್ಕದಲ್ಲೇ, ಅದೇ ಪೈಪಿಗೆ ಹಾಕಿ. ಚಕ್ರಕ್ಕೋ ಎಂಜಿನ್ನಿಗೋ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಗುಂಡುಗಳಲ್ಲಿ ಗುಳಿ ಬೀಳಿಸುತ್ತದೆ. ಎರಡು ಶಾಕ್ ಬೋಲ್ಟುಗಳ ನಡುವೆ ಒಂದು ಆಂಗಲ್ ಬಿಗಿದು ಅಂತರ ಅಳೆದು ಬರೆದಿಡಿ. ವೆಲ್ಡ್ ತಣಿಯುವಾಗ ರೈಲುಗಳನ್ನು ಒಳಕ್ಕೆ ಎಳೆಯುತ್ತದೆ. ಮುಗಿದ ಮೇಲೆ ಅಂತರ 1 ಮಿ.ಮೀ.ಗಿಂತ ಹೆಚ್ಚು ಬದಲಾಗಿದ್ದರೆ ಶಾಕ್ ಓರೆಯಾಗಿ ಕೂತು ಒಂದು ಕಡೆಯ ಸೀಲಿನಿಂದ ಎಣ್ಣೆ ಸೋರುತ್ತದೆ. ಸ್ಟೀರಿಂಗ್ ಹೆಡ್ಡಿನಿಂದ ಎರಡೂ ಬೋಲ್ಟಿಗೆ ಮೂಲೆಯ ಅಳತೆಯೂ ಸಮ ಬರಬೇಕು.

ಟಿಗ್ (ಆರ್ಗಾನ್ ಗಾಳಿಯಲ್ಲಿ ಮಾಡುವ ನಾಜೂಕು ವೆಲ್ಡಿಂಗ್) ಇದ್ದರೆ ಟಿಗ್: 1.6 ಮಿ.ಮೀ. ಇಆರ್70ಎಸ್-2 ಅಥವಾ 6 ಕಡ್ಡಿ, 60ರಿಂದ 80 ಆಂಪಿಯರ್, ನಿಮಿಷಕ್ಕೆ 8ರಿಂದ 10 ಲೀಟರ್ ಆರ್ಗಾನ್. ಮಿಗ್ (ತಂತಿ ತಾನೇ ಬರುವ ವೆಲ್ಡಿಂಗ್) ಆದರೆ 0.8 ತಂತಿ. ಬರೀ ಆರ್ಕ್ ಇದ್ದರೆ 2.5ರ 6013 ರಾಡಿನಲ್ಲಿ 60ರಿಂದ 80 ಆಂಪಿಯರಿಗೆ ನಿಭಾಯಿಸಬಹುದು, ಆದರೆ ರಾಡು ಒಣಗಿರಬೇಕು, ಕೈ ಪಳಗಿರಬೇಕು. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿದರೆ ಟಿಗ್ ಮಾಡುವವರು ಸಿಗುತ್ತಾರೆ. ದಿನವಿಡೀ ಬೋಟಿನ ದಪ್ಪ ಪ್ಲೇಟು ಬೆಸೆಯುವವರು ಎಷ್ಟೇ ಕುಶಲರಾದರೂ 2 ಮಿ.ಮೀ. ಪೈಪಿಗೆ ಕರೆಂಟು ಜಾಸ್ತಿ ಇಡುತ್ತಾರೆ. ಕೆಲಸ ಕೊಡುವ ಮುಂಚೆ ಅದೇ ಪೈಪಿನ ಎರಡು ತುಂಡು ಬೆಸೆದು, ಉದ್ದಕ್ಕೆ ಸೀಳಿ ಒಳಗಡೆ ತೋರಿಸಲು ಹೇಳಿ. ಒಪ್ಪದವರಿಗೆ ಫ್ರೇಮು ಕೊಡಬೇಡಿ.

ನಾಲ್ಕು ಕಡೆ ಎದುರುಬದುರಾಗಿ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ, ಅಳತೆ ನೋಡಿ, ಒಂದು ರೈಲಿನಲ್ಲಿ ಕಾಲು ಸುತ್ತು, ಇನ್ನೊಂದರಲ್ಲಿ ಕಾಲು ಸುತ್ತು ಹೀಗೆ ಬದಲಾಯಿಸುತ್ತಾ ಮುಗಿಸಬೇಕು. ಬಿಸಿ ವೆಲ್ಡಿಗೆ ನೀರು ಹೊಯ್ಯುವ ಅಭ್ಯಾಸ ಅನೇಕರಿಗುಂಟು, ಎದುರು ನಿಂತು ತಡೆಯಿರಿ, ಗಾಳಿಯಲ್ಲೇ ತಣಿಯಲಿ. ಬಲಕ್ಕೆಂದು ಮೂಲೆಗೆ ತ್ರಿಕೋನ ತಗಡು ಹಾಕುವುದಾದರೆ ಪೈಪಿನಷ್ಟೇ ದಪ್ಪ, ತುದಿ ಚೂಪಾಗಿ ಇಳಿಯುವಂಥದ್ದು. 5 ಮಿ.ಮೀ. ಪ್ಲೇಟು ತುಂಡು ಅಂಟಿಸಿದರೆ ಅದು ಮುಗಿಯುವ ಜಾಗದಲ್ಲೇ ಪೈಪು ಮುರಿಯುತ್ತದೆ.

ಉಪ್ಪುಗಾಳಿ ಮತ್ತು ವೈರು

ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಬ್ಲಾಸ್ಟ್ ಮಾಡಿದ ಬರಿ ಕಬ್ಬಿಣ ನಮ್ಮ ತೇವಕ್ಕೆ ಕೆಲವೇ ಗಂಟೆಯಲ್ಲಿ ಕಂದುತ್ತದೆ, ಅದೇ ದಿನ ಪ್ರೈಮರ್ ಬೀಳಬೇಕು. ಪೌಡರ್ ಕೋಟ್ ಮಾಡಿಸುವವರು ನೇರ ಪೌಡರ್ ಹೊಡೆಯುತ್ತಾರೆ. ಘಟ್ಟದ ಮೇಲೆ ಅದು ನಡೆದೀತು, ಇಲ್ಲಿ ವೆಲ್ಡಿನ ಅಂಚಿನಿಂದ ತೇವ ನುಗ್ಗಿ ಪದರ ಹಪ್ಪಳದಂತೆ ಏಳುತ್ತದೆ. ಕೆಳಗೆ ಸತುವಿನ ಎಪಾಕ್ಸಿ ಪ್ರೈಮರ್, ಮೇಲೆ 60ರಿಂದ 80 ಮೈಕ್ರಾನ್ ಪೌಡರ್ ಎಂದು ಬಾಯಿಬಿಟ್ಟು ಹೇಳಿ. ಚಾಸಿಸ್ ನಂಬರ್, ಅರ್ತ್ ಪಾಯಿಂಟ್, ಶಾಕಿನ ಸ್ಟಡ್, ಎಲ್ಲ ಥ್ರೆಡ್‌ಗಳಿಗೆ ಟೇಪು ಬೇಕು. ಚಾಸಿಸ್ ನಂಬರಿನ ಅಚ್ಚು ಪೌಡರಿನಲ್ಲಿ ಮುಚ್ಚಿಹೋದರೆ ಆರ್‌ಟಿಒದಲ್ಲಿ ಪೆನ್ಸಿಲ್ ಪ್ರಿಂಟ್ ಬರುವುದಿಲ್ಲ, ಕೆರೆಯಲು ಹೋದರೆ ತಿದ್ದಿದ ಅನುಮಾನ. ಹೂಪಿನ ಕೆಳಭಾಗದಲ್ಲಿ ನೀರು ನಿಲ್ಲುವ ಜಾಗ ನೋಡಿ 3 ಮಿ.ಮೀ. ತೂತು ಬಿಟ್ಟು, ಒಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ. ಇದು ಕಂಪನಿಯ ಹಳೆ ರೈಲಿಗೂ ಒಳ್ಳೆಯದು.

ವೈರಿಂಗಿನಲ್ಲಿ ಮೂಲ ವೈರುಕಟ್ಟನ್ನು ಕತ್ತರಿಸದೆ, ಸೀಟಿನ ಕೆಳಗಿನ ಕಪ್ಲರಿನಿಂದ ಹೊಸ ಬಾಲವನ್ನು 0.75 ಚದರ ಮಿ.ಮೀ. ವೈರಿನಲ್ಲಿ ಕಟ್ಟಿಕೊಳ್ಳಿ: ಪಾರ್ಕಿಂಗ್, ಬ್ರೇಕ್, ಎಡ, ಬಲ ಮತ್ತು ಅರ್ತ್. ಅರ್ತಿಗೆ ಪ್ರತ್ಯೇಕ ವೈರು ಎಳೆಯಿರಿ, ಪೌಡರ್ ಬಳಿದ ಫ್ರೇಮನ್ನು ನಂಬಬೇಡಿ. ಎಲ್‌ಇಡಿ ಇಂಡಿಕೇಟರ್ ಹಾಕಿದ ಮೇಲೆ ಪಟಪಟ ಮಿಣುಕಿದರೆ ಅದು ಕೆಟ್ಟದ್ದಲ್ಲ, 10 ವಾಟ್ ಬಲ್ಬಿನ ಕರೆಂಟಿಗೆ ಲೆಕ್ಕ ಹಾಕಿದ ಹಳೆ ಫ್ಲ್ಯಾಶರ್ ಬದಲಿಸಬೇಕು, ಅಷ್ಟೇ. ಹೂಪಿನೊಳಗೆ ಕೂರಿಸುವ ಸಪೂರ ಎಲ್‌ಇಡಿ ಪಟ್ಟಿ ಫೋಟೋದಲ್ಲಿ ಚಂದ, ಜುಲೈ ಮಳೆಯಲ್ಲಿ ಹಿಂದಿನ ಬಸ್ಸಿನವರಿಗೆ ಕಾಣುವುದಿಲ್ಲ. ಮಾನಕ ಗುರುತಿರುವ ಪೂರ್ಣ ಟೈಲ್ ಲೈಟೇ ಇರಲಿ, ಕೆಂಪು ರಿಫ್ಲೆಕ್ಟರ್ ಜತೆಗೆ. ಎಚ್‌ಎಸ್‌ಆರ್‌ಪಿ ಪ್ಲೇಟಿನ ಸ್ನ್ಯಾಪ್ ಲಾಕ್ ಒಮ್ಮೆ ಬಿಚ್ಚಿದರೆ ಮುರಿದು ಹೋಗುತ್ತದೆ, ಮತ್ತೆ ಹಾಕಿಸಲು ಅಲೆದಾಟ. ಪ್ಲೇಟನ್ನು ಬಿಚ್ಚದೆ ಅದು ಕೂತಿರುವ ಬ್ರಾಕೆಟ್ಟನ್ನೇ ಹೊಸ ಜಾಗಕ್ಕೆ ಬೋಲ್ಟ್ ಮಾಡಿ, ಮೇಲೆ ಬಿಳಿ ದೀಪ ಕೊಡಿ.

‘ಒಂದು ದಿನದ ಕೆಲಸ’ ಎಂದವರ ಲೆಕ್ಕ ಕತ್ತರಿಸಿ ಬೆಸೆಯುವುದಕ್ಕೆ ಸರಿ. ಬೋಲ್ಟ್ ದಾರಿಯಲ್ಲೂ ಫೈಬರ್ ಗಟ್ಟಿಯಾಗಿ ಕುಶನ್ ಅಂಗಡಿಯಿಂದ ಸೀಟು ಬರಲು ವಾರ ಬೇಕು, ಬೆಸೆದು ಬಣ್ಣ ಹೊಡೆಸುವುದಾದರೆ ಎರಡು ವಾರ ಇಟ್ಟುಕೊಳ್ಳಿ.

ಬೋಲ್ಟ್ ಹೂಪಿನ ಬಿಗಿಯನ್ನು ಮೊದಲ 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಒಮ್ಮೆ ನೋಡಿ. ಬೆಸೆದ ಬೈಕಾದರೆ ಸೀಟು ತೆಗೆದು, ವೆಲ್ಡಿನ ಅಂಚು, ಅದರಿಂದ 5ರಿಂದ 10 ಮಿ.ಮೀ. ಆಚೆ, ಮತ್ತು ತ್ರಿಕೋನ ತಗಡಿನ ತುದಿ ಈ ಮೂರು ಕಡೆ ಹುಡುಕಬೇಕು. ಬಿರುಕು ಮೊದಲು ಕಾಣುವುದು ಬಣ್ಣದ ಮೇಲೆ ಕೂದಲಿನಂಥ ಗೆರೆಯಾಗಿ, ಮಳೆಯಾದ ಮರುದಿನ ಅದರಿಂದ ಕಂದು ನೀರು ಇಳಿದಿರುತ್ತದೆ. ಅನುಮಾನ ಬಂದರೆ ಬಣ್ಣ ಕೆರೆದು, ಬಿರುಕು ತೋರಿಸುವ ಡೈ ಪೆನಟ್ರಂಟ್ ಸ್ಪ್ರೇ ಹಾಕಿ: ಕ್ಲೀನರ್, ಕೆಂಪು ದ್ರವ, 10 ನಿಮಿಷ ಕಾದು ಒರೆಸಿ ಬಿಳಿ ಡೆವಲಪರ್. ಬಿಳಿಯಲ್ಲಿ ಕೆಂಪು ಗೆರೆ ಮೂಡಿದರೆ ಅದರ ಮೇಲೆ ಇನ್ನೊಂದು ವೆಲ್ಡ್ ಹೊಡೆಸುವುದು ಪರಿಹಾರವಲ್ಲ, ಆ ತುಂಡನ್ನೇ ತೆಗೆದು ಹೊಸ ತೋಳಿನೊಂದಿಗೆ ಮೊದಲಿನಿಂದ ಮಾಡಬೇಕು.